ಮಾದರಿ ವಿಮಾನ ಹಾರಾಟ: ನಿಯಮಗಳ ಹಿಂದಿನ ಲೆಕ್ಕಗಳು

ನಿಮ್ಮ ಶಾಲೆಯ ವಾರ್ಷಿಕೋತ್ಸವದಲ್ಲಿ ಮಾದರಿ ವಿಮಾನದ ಪ್ರದರ್ಶನ ಏರ್ಪಡಿಸಿದ್ದೀರಿ ಎಂದುಕೊಳ್ಳಿ. ಹವ್ಯಾಸಿ ಸಂಘವೊಂದರ ಸದಸ್ಯರು ಬಂದು ಹಾರಿಸಲು ಒಪ್ಪಿದ್ದಾರೆ. ಮೈದಾನದ ಒಂದು ಬದಿಯಲ್ಲಿ ಶಾಮಿಯಾನ, ಅದರ ಕೆಳಗೆ ಐನೂರು ಮಕ್ಕಳು. "ಮಕ್ಕಳ ತಲೆಯ ಮೇಲೆ ಒಂದೇ ಒಂದು ಸುತ್ತು ಹಾಕಿಸಿ, ಖುಷಿಪಡುತ್ತಾರೆ" ಎಂದು ಯಾರೋ ಹೇಳುತ್ತಾರೆ. ಸಂಘದವರು ಖಡಾಖಂಡಿತವಾಗಿ ಆಗದು ಎನ್ನುತ್ತಾರೆ. ಇಷ್ಟು ಪುಟ್ಟ ವಿಮಾನಕ್ಕೆ ಇಷ್ಟೊಂದು ಕಟ್ಟುನಿಟ್ಟೇ ಎಂದು ನಿಮಗೆ ಅನಿಸಬಹುದು.

ಇದಕ್ಕೆ ಉತ್ತರ ಪ್ರೌಢಶಾಲೆಯ ಭೌತವಿಜ್ಞಾನದಲ್ಲಿಯೇ ಇದೆ. ಮಾದರಿ ವಿಮಾನ ಸಂಘಗಳು ಪಾಲಿಸುವ ಬಹುತೇಕ ನಿಯಮಗಳ ಹಿಂದೆ ಒಂದೊಂದು ಸರಳ ಲೆಕ್ಕ ಅಡಗಿದೆ. ಲೆಕ್ಕ ತಿಳಿದವರು ಯಾರೂ ನೋಡದಿದ್ದಾಗಲೂ ನಿಯಮ ಪಾಲಿಸುತ್ತಾರೆ. ತಿಳಿಯದವರಿಗೆ ಅದು ಹಿರಿಯರು ಒಡ್ಡುವ ಅಡ್ಡಿಯಂತೆ ಕಾಣುತ್ತದೆ. ಆ ಲೆಕ್ಕಗಳನ್ನು ಒಂದೊಂದಾಗಿ ನೋಡೋಣ.

ಹಾರುವ ಮಾದರಿಗಳಲ್ಲಿ ಮುಖ್ಯವಾಗಿ ಮೂರು ಬಗೆ. ಕೈಯಿಂದ ಎಸೆದ ಮೇಲೆ ತಾನಾಗಿ ಹಾರುವ ಗ್ಲೈಡರ್ ಅಥವಾ ರಬ್ಬರ್ ಎಳೆಯ ವಿಮಾನ ಮೊದಲನೆಯದು. ತಂತಿಗಳ ತುದಿಗೆ ಕಟ್ಟಿ, ಪೈಲಟ್ ನಡುವೆ ನಿಂತು ತನ್ನ ಸುತ್ತ ಹಾರಿಸುವಂಥದು ಎರಡನೆಯದು. ರೇಡಿಯೊ ಅಲೆಗಳ ಮೂಲಕ ನಿಯಂತ್ರಿಸುವಂಥದು ಮೂರನೆಯದು. ಎನ್.ಸಿ.ಸಿ.ಯ ವಾಯು ವಿಭಾಗದಲ್ಲಿ ಮಾದರಿ ವಿಮಾನ ತಯಾರಿಕೆ ತರಬೇತಿಯ ಒಂದು ಅಂಗವೇ ಆಗಿದೆ. ನಾವಿಲ್ಲಿ ಹೆಚ್ಚಾಗಿ ಮೂರನೆಯ ಬಗೆಯನ್ನು ಗಮನಿಸೋಣ. ಕಲಿಯುವವರು ಬಳಸುವ ಒಂದು ಸಾಮಾನ್ಯ ವಿಮಾನವನ್ನು ಉದಾಹರಣೆಗೆ ಇಟ್ಟುಕೊಳ್ಳೋಣ: ರೆಕ್ಕೆಯ ತುದಿಯಿಂದ ತುದಿಗೆ ಒಂದೂವರೆ ಮೀಟರ್, ರಾಶಿ 2 ಕಿಲೊಗ್ರಾಂ, ಜವ ಸೆಕೆಂಡಿಗೆ 20 ಮೀಟರ್, ಅಂದರೆ ಗಂಟೆಗೆ 72 ಕಿ.ಮೀ.

ಎರಡು ಕಿಲೊಗ್ರಾಂ ಎಂದರೆ ಎಷ್ಟು?

ಚಲಿಸುವ ವಸ್ತುವಿನ ಚಲನಶಕ್ತಿ ಅದರ ರಾಶಿಯ ಅರ್ಧವನ್ನು ಜವದ ವರ್ಗದಿಂದ ಗುಣಿಸಿದಷ್ಟು. ನಮ್ಮ ವಿಮಾನದ ಚಲನಶಕ್ತಿ 400 ಜೂಲ್. ಈ ಸಂಖ್ಯೆ ದೊಡ್ಡದೋ ಚಿಕ್ಕದೋ? ಹೋಲಿಸಿ ನೋಡಿ. ವೇಗದ ಬೌಲರ್ ಗಂಟೆಗೆ 144 ಕಿ.ಮೀ. ಜವದಲ್ಲಿ ಎಸೆದ, 160 ಗ್ರಾಂ ರಾಶಿಯ ಕ್ರಿಕೆಟ್ ಚೆಂಡಿನ ಚಲನಶಕ್ತಿ 128 ಜೂಲ್. ಆ ಚೆಂಡನ್ನು ಎದುರಿಸಲು ಆಟಗಾರ ಹೆಲ್ಮೆಟ್, ಪ್ಯಾಡು, ಗ್ಲೌಸು ಎಲ್ಲವನ್ನೂ ತೊಟ್ಟು ನಿಲ್ಲುತ್ತಾನೆ. ನಮ್ಮ ವಿಮಾನದಲ್ಲಿ ಅದರ ಮೂರು ಪಟ್ಟಿಗೂ ಹೆಚ್ಚು ಶಕ್ತಿಯಿದೆ, ನೋಡುತ್ತಾ ನಿಂತ ಮಗುವಿನ ತಲೆಗೆ ಟೋಪಿಯೂ ಇರುವುದಿಲ್ಲ. ಬೇರೆ ರೀತಿಯಲ್ಲಿ ಹೇಳುವುದಾದರೆ, 2 ಕಿಲೊಗ್ರಾಂ ಕಲ್ಲೊಂದನ್ನು ಸುಮಾರು 20 ಮೀಟರ್ ಎತ್ತರದ ಕಟ್ಟಡದಿಂದ ಕೆಳಗೆ ಬಿಟ್ಟಂತೆ.

ಸೂತ್ರದಲ್ಲಿ ಜವದ ವರ್ಗ ಇರುವುದನ್ನು ಗಮನಿಸಿ. ಅದೇ ವಿಮಾನ ಎರಡು ಪಟ್ಟು ಜವದಲ್ಲಿ ಹಾರಿದರೆ ಶಕ್ತಿ ನಾಲ್ಕು ಪಟ್ಟಾಗಿ 1,600 ಜೂಲ್ ಮುಟ್ಟುತ್ತದೆ. ಇನ್ನೊಂದೆಡೆ, ಸೆಕೆಂಡಿಗೆ 10 ಮೀಟರ್ ಜವದಲ್ಲಿ ಹಾರುವ, 300 ಗ್ರಾಂ ತೂಕದ ಫೋಮ್ ವಿಮಾನದಲ್ಲಿ ಇರುವುದು ಬರೀ 15 ಜೂಲ್. ಹೊಸಬರು ಹಗುರವಾದ, ನಿಧಾನವಾಗಿ ಹಾರುವ ಫೋಮ್ ವಿಮಾನದಿಂದಲೇ ಪ್ರಾರಂಭಿಸಬೇಕು ಎಂಬ ಸಲಹೆಯ ಹಿಂದಿರುವುದು ಈ ವ್ಯತ್ಯಾಸವೇ. ಅಲ್ಲದೆ ಫೋಮ್ ಬಡಿದಾಗ ತಾನೇ ನಜ್ಜುಗುಜ್ಜಾಗಿ ಆಘಾತದ ಅವಧಿಯನ್ನು ಹಿಗ್ಗಿಸುತ್ತದೆ. ಅವಧಿ ಹೆಚ್ಚಿದಷ್ಟೂ ಬಲ ಕಡಿಮೆ.

ಹತೋಟಿ ತಪ್ಪಿದರೆ ಎಲ್ಲಿ ಬೀಳುತ್ತದೆ?

ತಲೆಯ ಮೇಲೆ ಹಾರಿಸುವುದು ಅಪಾಯ ಎಂಬುದು ಎಲ್ಲರಿಗೂ ಅರ್ಥವಾಗುತ್ತದೆ. ಆದರೆ ತಲೆಯ ಮೇಲೆ ಹಾರಿಸದಿದ್ದರೆ ಸಾಕೇ? ಗಾಳಿಯ ತಡೆಯನ್ನು ಸದ್ಯಕ್ಕೆ ಬದಿಗಿಟ್ಟು ಲೆಕ್ಕ ಹಾಕೋಣ. ಸೆಕೆಂಡಿಗೆ 20 ಮೀಟರ್ ಜವದಲ್ಲಿ ಸಮತಲವಾಗಿ ಹಾರುತ್ತಿರುವ ವಿಮಾನದ ರೆಕ್ಕೆ ಮುರಿಯಿತು ಎನ್ನಿ. ಆಗ ಅದು ಎಸೆದ ಕಲ್ಲಿನಂತೆ ಮುಂದಕ್ಕೆ ಸಾಗುತ್ತಲೇ ಕೆಳಕ್ಕೆ ಬೀಳುತ್ತದೆ. 20 ಮೀಟರ್ ಎತ್ತರದಲ್ಲಿದ್ದರೆ ನೆಲ ಮುಟ್ಟಲು 2 ಸೆಕೆಂಡು ಹಿಡಿದು, ಅಷ್ಟರಲ್ಲಿ 40 ಮೀಟರ್ ಮುಂದೆ ಹೋಗಿರುತ್ತದೆ. 50 ಮೀಟರ್ ಎತ್ತರದಿಂದ 3.2 ಸೆಕೆಂಡು, 64 ಮೀಟರ್. 120 ಮೀಟರ್ ಎತ್ತರದಿಂದ ಸುಮಾರು 5 ಸೆಕೆಂಡು, 99 ಮೀಟರ್.

ಇದರಿಂದ ಎರಡು ವಿಷಯ ಹೊರಡುತ್ತವೆ. ಒಂದು, ಜನರಿಂದ 30 ಮೀಟರ್ ಆಚೆ ಹಾರುತ್ತಿದ್ದರೂ ವಿಮಾನದ ಮೂತಿ ಅವರ ಕಡೆ ಇದ್ದರೆ ಅವರು ಅಪಾಯದ ಒಳಗೇ ಇದ್ದಾರೆ. ಎರಡು, ದೂರಕ್ಕಿಂತ ದಿಕ್ಕು ಮುಖ್ಯ. ಆದ್ದರಿಂದಲೇ ಸಂಘಗಳ ಮೈದಾನದಲ್ಲಿ ರನ್‌ವೇಗೆ ಸಮಾಂತರವಾಗಿ ಒಂದು ಗೆರೆ ಎಳೆದಿರುತ್ತಾರೆ. ಪೈಲಟ್‌ಗಳು ಗೆರೆಯ ಬಳಿ ಸಾಲಾಗಿ ನಿಲ್ಲುತ್ತಾರೆ. ಪ್ರೇಕ್ಷಕರು, ವಾಹನಗಳು ಅವರ ಬೆನ್ನ ಹಿಂದೆ ದೂರದಲ್ಲಿರುತ್ತವೆ. ವಿಮಾನ ಗೆರೆಯ ಆಚೆಯೇ ಇರಬೇಕು, ಗೆರೆಗೆ ಸಮಾಂತರವಾಗಿ ಹಾರಬೇಕು, ತಿರುವುಗಳನ್ನು ಜನರಿಂದ ದೂರ ಸರಿಯುವಂತೆ ತೆಗೆದುಕೊಳ್ಳಬೇಕು. ಸಮಾಂತರವಾಗಿ ಹಾರುವ ವಿಮಾನ ಬಿದ್ದರೆ ಅದು ಖಾಲಿ ನೆಲದ ಮೇಲೇ ಬೀಳುತ್ತದೆ.

ಈ ಗೆರೆ ಇಲ್ಲದಿದ್ದರೆ ಏನಾಗಬಹುದು ಎಂಬುದಕ್ಕೆ ದುಃಖದ ಉದಾಹರಣೆಯೊಂದಿದೆ. 1979ರ ಡಿಸೆಂಬರ್ 9ರಂದು ನ್ಯೂಯಾರ್ಕಿನ ಶೇ ಸ್ಟೇಡಿಯಂನಲ್ಲಿ ಅಮೆರಿಕನ್ ಫುಟ್‌ಬಾಲ್ ಪಂದ್ಯ ನಡೆಯುತ್ತಿತ್ತು. ಮಧ್ಯವಿರಾಮದಲ್ಲಿ ಜನರ ಮನರಂಜನೆಗೆಂದು ಮಾದರಿ ವಿಮಾನಗಳನ್ನು ಹಾರಿಸಿದರು. ಅವುಗಳಲ್ಲಿ ಒಂದಕ್ಕೆ ಹುಲ್ಲು ಕತ್ತರಿಸುವ ಯಂತ್ರದ ಆಕಾರವಿತ್ತು. ಅದು ಹತೋಟಿ ತಪ್ಪಿ ಪ್ರೇಕ್ಷಕರ ನಡುವೆ ಬಿತ್ತು. ತಲೆಗೆ ಪೆಟ್ಟಾದ 20 ವರ್ಷದ ಯುವಕನೊಬ್ಬ ಕೆಲವು ದಿನಗಳಲ್ಲಿ ಸತ್ತ, ಇನ್ನೊಬ್ಬನಿಗೆ ತೀವ್ರ ಗಾಯವಾಯಿತು. ಸುತ್ತಲೂ ಜನರೇ ಕುಳಿತಿರುವ ಕ್ರೀಡಾಂಗಣದಲ್ಲಿ ವಿಮಾನದ ಮೂತಿ ಯಾವ ಕಡೆ ತಿರುಗಿದರೂ ಅದು ಜನರ ಕಡೆಗೇ. ವಾರ್ಷಿಕೋತ್ಸವದಲ್ಲಿ ಆ 'ಒಂದೇ ಸುತ್ತಿಗೆ' ಸಂಘದವರು ಒಪ್ಪದಿರುವುದು ಸರಿ ಎನ್ನಲು ಇಷ್ಟು ಸಾಕು.

ಕಾಣದ ಕತ್ತಿ

ಮಾದರಿ ವಿಮಾನ ಹಾರಿಸುವವರಿಗೆ ಆಗುವ ಗಾಯಗಳು ಗಾಳಿಯಲ್ಲಿ ಅಲ್ಲ, ನೆಲದ ಮೇಲೆಯೇ ಆಗುವುದು ಹೆಚ್ಚು. ಕಾರಣ ಪ್ರೊಪೆಲರ್. ತುದಿಯಿಂದ ತುದಿಗೆ 25 ಸೆಂ.ಮೀ. ಇರುವ ಪ್ರೊಪೆಲರ್ ನಿಮಿಷಕ್ಕೆ 10,000 ಸುತ್ತು ತಿರುಗುತ್ತಿದೆ ಎನ್ನೋಣ. ಒಂದು ಸುತ್ತಿನಲ್ಲಿ ಅದರ ತುದಿ ಕ್ರಮಿಸುವ ದೂರ 0.785 ಮೀಟರ್. ಸೆಕೆಂಡಿಗೆ 167 ಸುತ್ತು. ಅಂದರೆ ತುದಿಯ ಜವ ಸೆಕೆಂಡಿಗೆ 131 ಮೀಟರ್, ಗಂಟೆಗೆ 470 ಕಿ.ಮೀ. ಇಷ್ಟು ಜವದಲ್ಲಿ ತಿರುಗುವ ಅಲಗು ಕಣ್ಣಿಗೆ ಮಸುಕು ತಟ್ಟೆಯಂತೆ ಕಾಣುತ್ತದೆ, ಕೆಲವೊಮ್ಮೆ ಕಾಣುವುದೇ ಇಲ್ಲ.

ಎರಡು ಅಲಗಿನ ಪ್ರೊಪೆಲರ್ ಒಂದು ಬಿಂದುವನ್ನು ಸೆಕೆಂಡಿಗೆ 333 ಸಲ ಹಾದುಹೋಗುತ್ತದೆ. ತಗುಲಿದ ಬೆರಳನ್ನು ಹಿಂದಕ್ಕೆಳೆದುಕೊಳ್ಳಲು ಸೆಕೆಂಡಿನ ಐದನೆಯ ಒಂದು ಭಾಗ ಬೇಕೆಂದರೂ, ಮೋಟಾರು ನಿಧಾನವಾಗದಿದ್ದರೆ 60ಕ್ಕೂ ಹೆಚ್ಚು ಏಟು ಬಿದ್ದಿರುತ್ತದೆ. ಇಂಧನದ ಎಂಜಿನ್‌ಗೆ ಅಡ್ಡಿಯಾದರೆ ಅದು ನಿಂತುಹೋಗುವ ಸಾಧ್ಯತೆ ಇದೆ. ವಿದ್ಯುತ್ ಮೋಟಾರಿನ ವರ್ತನೆ ಬೇರೆ. ಅದನ್ನು ತಡೆದಷ್ಟೂ ಅದು ಬ್ಯಾಟರಿಯಿಂದ ಹೆಚ್ಚು ವಿದ್ಯುತ್ಪ್ರವಾಹ ಎಳೆದುಕೊಂಡು ಹೆಚ್ಚು ಟಾರ್ಕ್ ಒದಗಿಸುತ್ತದೆ. ಸದ್ದಿಲ್ಲದ ಮೋಟಾರು ನಿರುಪದ್ರವಿ ಎಂದು ತಿಳಿಯಬಾರದು. ಬ್ಯಾಟರಿ ಜೋಡಿಸಿದ ಕ್ಷಣದಿಂದ ಅದು ಚಾಲನೆಯಲ್ಲಿದೆ ಎಂದೇ ಭಾವಿಸಬೇಕು.

ಇನ್ನೂ ಒಂದು ಲೆಕ್ಕ ನೋಡಿ. ಅಲಗಿನ ತುದಿಯ ಕೇಂದ್ರಾಭಿಮುಖ ವೇಗೋತ್ಕರ್ಷ ಗುರುತ್ವ ವೇಗೋತ್ಕರ್ಷದ ಸುಮಾರು 14,000 ಪಟ್ಟು. ತುದಿಯಲ್ಲಿರುವ ಒಂದು ಗ್ರಾಂ ತುಣುಕನ್ನು ಹಿಡಿದಿಡಲು 14 ಕಿಲೊಗ್ರಾಂ ತೂಕದಷ್ಟು ಬಲ ಬೇಕು. ಕೂದಲೆಳೆಯಷ್ಟು ಬಿರುಕಿದ್ದರೂ ಪ್ರೊಪೆಲರನ್ನು ಅಂಟು ಹಚ್ಚಿ ಬಳಸಬಾರದು, ಮುರಿದು ಬಿಸಾಡಬೇಕು ಎಂಬ ನಿಯಮ ಇದರಿಂದ ಬಂದದ್ದು. ಕಿತ್ತುಹೋದ ತುಣುಕು ಪ್ರೊಪೆಲರ್ ತಿರುಗುವ ಸಮತಲದಲ್ಲಿಯೇ ಹಾರುತ್ತದೆ. ಹಾಗಾಗಿ ಮೋಟಾರು ತಿರುಗುವಾಗ ಆ ಸಮತಲದಲ್ಲಾಗಲೀ ಮುಂದುಗಡೆಯಾಗಲೀ ನಿಲ್ಲದೆ, ವಿಮಾನದ ಹಿಂಬದಿಯಲ್ಲಿ ನಿಂತು ಎಲ್ಲ ಹೊಂದಾಣಿಕೆ ಮಾಡಬೇಕು. ವಿಮಾನವನ್ನು ಒಬ್ಬರು ಹಿಡಿದಿರಬೇಕು ಅಥವಾ ನೆಲಕ್ಕೆ ಕಟ್ಟಿರಬೇಕು. ಮೇಜಿನ ಮೇಲೆ ರೇಡಿಯೊ ಪರೀಕ್ಷಿಸುವಾಗ ಪ್ರೊಪೆಲರನ್ನು ಬಿಚ್ಚಿಯೇ ಇಡಬೇಕು. ಎಂಜಿನ್ ಚಾಲೂ ಮಾಡಲು ಬೆರಳಿನ ಬದಲು ಮರದ ಕೋಲನ್ನೋ ವಿದ್ಯುತ್ ಸ್ಟಾರ್ಟರನ್ನೋ ಬಳಸಬೇಕು.

ಮಾದರಿ ಹೆಲಿಕಾಪ್ಟರಿನಲ್ಲಿ ಈ ಅಪಾಯ ಇನ್ನೂ ಹೆಚ್ಚು. ಒಂದೂವರೆ ಮೀಟರ್ ವ್ಯಾಸದ ರೋಟರ್ ನಿಮಿಷಕ್ಕೆ 2,000 ಸುತ್ತು ತಿರುಗಿದರೂ ತುದಿಯ ಜವ ಸೆಕೆಂಡಿಗೆ 157 ಮೀಟರ್. ಅಲಗೂ ಉದ್ದ, ಭಾರ. 2013ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ 19 ವರ್ಷದ ಹವ್ಯಾಸಿಯೊಬ್ಬ ತಾನೇ ಹಾರಿಸುತ್ತಿದ್ದ ಹೆಲಿಕಾಪ್ಟರಿನ ಅಲಗು ತಲೆಗೆ ಬಡಿದು ಸ್ಥಳದಲ್ಲೇ ಸತ್ತ. ಅವನು ಹೊಸಬನಾಗಿರಲಿಲ್ಲ, ಕಸರತ್ತು ಹಾರಾಟದಲ್ಲಿ ಪಳಗಿದವನು.

ಸಮತೋಲ ಮತ್ತು ಸ್ಟಾಲ್

ವಿಮಾನದ ಗುರುತ್ವ ಕೇಂದ್ರ ಎಲ್ಲಿದೆ ಎಂಬುದನ್ನು ಹಾರಿಸುವ ಮೊದಲು ನೋಡಲೇಬೇಕು. ಸಾಮಾನ್ಯ ತರಬೇತಿ ವಿಮಾನದಲ್ಲಿ ಅದು ರೆಕ್ಕೆಯ ಮುಂಚೂಣಿ ಅಂಚಿನಿಂದ, ರೆಕ್ಕೆಯ ಹಿಂದು-ಮುಂದಿನ ಅಳತೆಯ ಕಾಲು ಭಾಗದಿಂದ ಮೂರನೆಯ ಒಂದು ಭಾಗದಷ್ಟು ಹಿಂದೆ ಇರಬೇಕು. ಎರಡು ಬೆರಳುಗಳ ಮೇಲೆ ರೆಕ್ಕೆಯನ್ನು ತೂಗಿ ನೋಡಿದರೆ ತಿಳಿಯುತ್ತದೆ. ಮೂತಿ ತುಸು ಭಾರವಾದರೆ ವಿಮಾನ ಜಡವಾಗಿ ಹಾರುತ್ತದೆ, ಅಷ್ಟೆ. ಬಾಲ ಭಾರವಾದರೆ ಅಸ್ಥಿರತೆ ಬರುತ್ತದೆ. ಗಾಳಿಯ ಒಂದು ಸಣ್ಣ ಹೊಡೆತಕ್ಕೆ ಎದ್ದ ಮೂತಿ ತಾನಾಗಿ ಇಳಿಯುವ ಬದಲು ಇನ್ನಷ್ಟು ಏಳುತ್ತದೆ. ಬ್ಯಾಟರಿಯನ್ನು ಎರಡು ಸೆಂ.ಮೀ. ಹಿಂದಕ್ಕೆ ಸರಿಸಿ ಕಟ್ಟಿದ್ದಷ್ಟೇ ಸಾಕು, ಮೇಲೇರಿದ ಮೂರನೆಯ ಸೆಕೆಂಡಿನಲ್ಲಿ ವಿಮಾನ ನೆಲಕ್ಕೆ ಬಡಿಯಬಹುದು.

ರೆಕ್ಕೆ ಎದುರುಬರುವ ಗಾಳಿಯೊಂದಿಗೆ ಮಾಡುವ ಕೋನ ಒಂದು ಮಿತಿ ಮೀರಿದಾಗ ಮೇಲಿನ ಗಾಳಿಯ ಹರಿವು ರೆಕ್ಕೆಯಿಂದ ಬೇರ್ಪಟ್ಟು ಮೇಲೆತ್ತುವ ಬಲ ಕುಸಿಯುತ್ತದೆ. ಇದಕ್ಕೆ ಸ್ಟಾಲ್ ಎನ್ನುತ್ತಾರೆ. ನಿಧಾನವಾಗಿ ಹಾರುವಾಗ ತೂಕವನ್ನು ಹೊರಲು ಕೋನವನ್ನು ಹೆಚ್ಚಿಸಬೇಕಾಗುವುದರಿಂದ ಪ್ರತಿ ವಿಮಾನಕ್ಕೂ ಒಂದು ಕನಿಷ್ಠ ಜವವಿದೆ. ನಮ್ಮ ವಿಮಾನಕ್ಕೆ ಅದು ಸೆಕೆಂಡಿಗೆ 8 ಮೀಟರ್ ಎನ್ನೋಣ. ಆದರೆ ತಿರುವಿನಲ್ಲಿ ಈ ಮಿತಿ ಮೇಲೇರುತ್ತದೆ. 60 ಡಿಗ್ರಿ ವಾಲಿಕೊಂಡು, ಎತ್ತರ ಕಳೆದುಕೊಳ್ಳದೆ ತಿರುಗುವ ವಿಮಾನದ ರೆಕ್ಕೆ ತೂಕದ ಎರಡು ಪಟ್ಟು ಬಲ ಒದಗಿಸಬೇಕು. ಆಗ ಕನಿಷ್ಠ ಜವ 2ರ ವರ್ಗಮೂಲದಷ್ಟು ಪಟ್ಟು ಹೆಚ್ಚಿ 11.3 ಮೀಟರ್ ಆಗುತ್ತದೆ. ನೇರ ಹಾರಾಟದಲ್ಲಿ ಹತ್ತು ಮೀಟರ್ ಜವ ಸುರಕ್ಷಿತ. ಕಡಿದಾದ ತಿರುವಿನಲ್ಲಿ ಅದೇ ಜವ ಅಪಘಾತಕ್ಕೆ ದಾರಿ. ಮೇಲೇರುವಾಗ ಮೋಟಾರು ನಿಂತರೆ ರನ್‌ವೇಗೆ ಮರಳಲೆಂದು ಗಕ್ಕನೆ ತಿರುಗಿಸಬೇಡಿ, ನೇರ ಮುಂದೆ ಇಳಿಸಿ ಎಂದು ತರಬೇತುದಾರರು ಹೇಳುವುದು ಇದಕ್ಕಾಗಿ.

ಗಾಳಿ ಬೀಸುವ ದಿನ ಕಣ್ಣು ಇನ್ನೊಂದು ಮೋಸ ಮಾಡುತ್ತದೆ. ಗಾಳಿಯ ವೇಗ ಸೆಕೆಂಡಿಗೆ 5 ಮೀಟರ್ ಇರಲಿ. ವಿಮಾನ ಗಾಳಿಗೆ ಸಾಪೇಕ್ಷವಾಗಿ 12 ಮೀಟರ್ ಜವದಲ್ಲಿ ಹಾರುತ್ತಿರಲಿ. ಗಾಳಿಗೆ ಎದುರಾಗಿ ಹೋಗುವಾಗ ಅದು ನೆಲದ ಮೇಲಿರುವವರಿಗೆ 7 ಮೀಟರ್ ಜವದಲ್ಲಿ ಹೋದಂತೆ, ಗಾಳಿಯ ಜೊತೆ ಹೋಗುವಾಗ 17 ಮೀಟರ್ ಜವದಲ್ಲಿ ಹೋದಂತೆ ಕಾಣುತ್ತದೆ. "ಬಹಳ ಜೋರಾಯಿತು" ಎಂದು ಹೊಸಬರು ಮೋಟಾರಿನ ಶಕ್ತಿ ತಗ್ಗಿಸುತ್ತಾರೆ. ನೆಲಕ್ಕೆ ಸಾಪೇಕ್ಷವಾಗಿ 12 ಮೀಟರಿಗೆ ಇಳಿಸಿದರೆ ರೆಕ್ಕೆಗೆ ಸಿಗುವ ಗಾಳಿಯ ಜವ ಬರೀ 7 ಮೀಟರ್. ಅದು ಸ್ಟಾಲ್ ಮಿತಿಗಿಂತ ಕಡಿಮೆ. ಸಾಪೇಕ್ಷ ವೇಗದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಕಣ್ಣು ಮತ್ತು ಕೈ

ವಿಮಾನ ನಿಮ್ಮಿಂದ ದೂರ ಹೋಗುವಾಗ ಅದರ ಬಲ ನಿಮಗೂ ಬಲ. ಅದು ನಿಮ್ಮತ್ತ ಬರುವಾಗ ಅದರ ಬಲ ನಿಮಗೆ ಎಡ. ಹೊಸಬರ ಕೈ ತಪ್ಪುವುದು ಇಲ್ಲಿಯೇ. ಗೊಂದಲ ತಿಳಿದು ಸರಿಪಡಿಸಲು ಎರಡು ಸೆಕೆಂಡು ಬೇಕಾದರೆ ವಿಮಾನ 40 ಮೀಟರ್ ಸಾಗಿರುತ್ತದೆ. ಆದ್ದರಿಂದ ಹೊಸಬರು ಕಂಪ್ಯೂಟರ್ ಸಿಮ್ಯುಲೇಟರಿನಲ್ಲಿ ಅಭ್ಯಾಸ ಮಾಡಿ, ಅನಂತರ ಅನುಭವಿಯೊಬ್ಬರ ಪಕ್ಕದಲ್ಲಿ ನಿಂತು ಹಾರಿಸಬೇಕು. ಎರಡು ಟ್ರಾನ್ಸ್‌ಮಿಟರ್‌ಗಳನ್ನು ಜೋಡಿಸಿ, ಗುಂಡಿಯೊಂದನ್ನು ಬಿಟ್ಟ ಕೂಡಲೇ ಹತೋಟಿ ಗುರುವಿನ ಕೈಗೆ ಮರಳುವ ಏರ್ಪಾಡೂ ಉಂಟು.

ದೂರದ ಮಿತಿಯೂ ಕಣ್ಣಿನದೇ. ಒಂದೂವರೆ ಮೀಟರ್ ರೆಕ್ಕೆಯ ವಿಮಾನ 300 ಮೀಟರ್ ದೂರದಲ್ಲಿ ಸುಮಾರು 0.3 ಡಿಗ್ರಿ ಕೋನವನ್ನಷ್ಟೇ ಆವರಿಸುತ್ತದೆ. ಹುಣ್ಣಿಮೆಯ ಚಂದ್ರ ಆವರಿಸುವುದು ಅರ್ಧ ಡಿಗ್ರಿ. ಆ ದೂರದಲ್ಲಿ ವಿಮಾನ ಕಾಣುತ್ತದೆ, ಆದರೆ ಅದು ಬರುತ್ತಿದೆಯೋ ಹೋಗುತ್ತಿದೆಯೋ ತಿಳಿಯುವುದಿಲ್ಲ. ಸೂರ್ಯನಿಗೆ ಅಡ್ಡವಾಗಿ ಹಾರಿಸಿದರೆ ಅದೂ ಇಲ್ಲ. ಪಕ್ಕದಲ್ಲಿ ನಿಂತು ಆಕಾಶವನ್ನೂ ಮೈದಾನವನ್ನೂ ಗಮನಿಸಿ ಹೇಳುವ ಒಬ್ಬ ಸಹಾಯಕ ಇರುವುದು ಎಲ್ಲ ದೃಷ್ಟಿಯಿಂದಲೂ ಒಳ್ಳೆಯದು. ಹದ್ದುಗಳು ಮಾದರಿ ವಿಮಾನದ ಮೇಲೆ ಎರಗುವುದುಂಟು. ಪೈಲಟ್‌ಗಿಂತ ಮೊದಲು ಅದನ್ನು ಕಾಣುವವನು ಈ ಸಹಾಯಕನೇ.

ರೇಡಿಯೊ ಕೊಂಡಿ

ಹಿಂದೆ ಮಾದರಿ ವಿಮಾನಗಳಿಗೆ ಬ್ರಿಟನ್ನಿನಲ್ಲಿ 35 ಮೆಗಾಹರ್ಟ್ಸ್, ಅಮೆರಿಕದಲ್ಲಿ 72 ಮೆಗಾಹರ್ಟ್ಸ್ ಆಸುಪಾಸಿನ ಆವರ್ತಾಂಕಗಳನ್ನು ಬಳಸುತ್ತಿದ್ದರು. ಒಂದು ಕಾಲುವೆಯಲ್ಲಿ ಒಬ್ಬರು ಮಾತ್ರ ಹಾರಿಸಬಹುದಿತ್ತು. ಅದೇ ಕಾಲುವೆಯಲ್ಲಿ ಇನ್ನೊಬ್ಬರು ಟ್ರಾನ್ಸ್‌ಮಿಟರ್ ಚಾಲೂ ಮಾಡಿದರೆ ಗಾಳಿಯಲ್ಲಿದ್ದ ವಿಮಾನ ದಿಕ್ಕೆಟ್ಟು ಬೀಳುತ್ತಿತ್ತು. ಇದನ್ನು ತಪ್ಪಿಸಲು ಮೈದಾನದಲ್ಲಿ ಒಂದು ಹಲಗೆ ಇಟ್ಟು, ಪ್ರತಿ ಕಾಲುವೆಗೆ ಒಂದು ಕ್ಲಿಪ್ಪು ಸಿಕ್ಕಿಸುತ್ತಿದ್ದರು. ಕ್ಲಿಪ್ಪು ಕೈಯಲ್ಲಿದ್ದವರು ಮಾತ್ರ ಟ್ರಾನ್ಸ್‌ಮಿಟರ್ ಮುಟ್ಟಬಹುದು. ಕಾಸಿನ ಖರ್ಚಿಲ್ಲದ ಈ ಏರ್ಪಾಡು ಎಷ್ಟೋ ವಿಮಾನಗಳನ್ನು ಉಳಿಸಿತು.

ಸುಮಾರು 2005ರಿಂದ 2.4 ಗಿಗಾಹರ್ಟ್ಸ್ ಸಾಧನಗಳು ಬಳಕೆಗೆ ಬಂದವು. ಭಾರತದಲ್ಲಿ ಈ ಪಟ್ಟಿಯ ಕಡಿಮೆ ಸಾಮರ್ಥ್ಯದ ಸಾಧನಗಳಿಗೆ ಲೈಸೆನ್ಸಿನಿಂದ ವಿನಾಯಿತಿ ದೊರೆತದ್ದೂ 2005ರಲ್ಲೇ. ಇವುಗಳಲ್ಲಿ ರಿಸೀವರ್ ತನ್ನ ಟ್ರಾನ್ಸ್‌ಮಿಟರಿನ ಗುರುತನ್ನು ಹೊತ್ತ ಸಂಕೇತವನ್ನು ಮಾತ್ರ ಪಾಲಿಸುತ್ತದೆ. ಹಾಗೆಂದು ಅಪಾಯ ಪೂರ್ತಿ ನೀಗಿಲ್ಲ. ಈ ಅಲೆಗಳ ತರಂಗದೂರ ಕೇವಲ 12.5 ಸೆಂ.ಮೀ. ಮರದ ಹಸಿ ಎಲೆಗಳು, ಮನುಷ್ಯನ ದೇಹ, ಲೋಹ, ಕಾರ್ಬನ್ ನಾರಿನ ಭಾಗಗಳು ಅವನ್ನು ಸುಲಭವಾಗಿ ತಡೆಯುತ್ತವೆ. ರಿಸೀವರಿಗೆ ಎರಡು ಆಂಟೆನಾ ಇದ್ದರೆ ಅವನ್ನು ಒಂದಕ್ಕೊಂದು ಲಂಬವಾಗಿ ಇರಿಸಬೇಕು. ವಿಮಾನ ಯಾವ ಕಡೆ ಹೊರಳಿದರೂ ಒಂದಕ್ಕಾದರೂ ಸಂಕೇತ ಸಿಗುತ್ತದೆ.

ಸಂಕೇತ ಪೂರ್ತಿ ಕಡಿದುಹೋದರೆ? ಆಗ ಏನು ಮಾಡಬೇಕೆಂದು ರಿಸೀವರಿಗೆ ಮೊದಲೇ ಹೇಳಿಡುವ ಏರ್ಪಾಡಿಗೆ ಫೇಲ್‌ಸೇಫ್ ಎನ್ನುತ್ತಾರೆ. ಅದನ್ನು ಮೋಟಾರು ನಿಲ್ಲುವಂತೆ ಹೊಂದಿಸಬೇಕು. ಪರೀಕ್ಷಿಸುವುದು ಸುಲಭ. ಪ್ರೊಪೆಲರ್ ಬಿಚ್ಚಿ, ಮೋಟಾರು ತಿರುಗುತ್ತಿರುವಾಗ ಟ್ರಾನ್ಸ್‌ಮಿಟರ್ ಆರಿಸಿ. ಮೋಟಾರು ನಿಲ್ಲದಿದ್ದರೆ ವಿಮಾನ ಹಾರಲು ಯೋಗ್ಯವಲ್ಲ. ಮಾಮೂಲಿ ಬಳಕೆಯಲ್ಲಿ ಮೊದಲು ಟ್ರಾನ್ಸ್‌ಮಿಟರ್, ಅನಂತರ ವಿಮಾನ ಚಾಲೂ ಆಗಬೇಕು. ಆರಿಸುವಾಗ ಮೊದಲು ವಿಮಾನ, ಕೊನೆಗೆ ಟ್ರಾನ್ಸ್‌ಮಿಟರ್. ದಿನದ ಮೊದಲ ಹಾರಾಟಕ್ಕೆ ಮುನ್ನ ಟ್ರಾನ್ಸ್‌ಮಿಟರಿನ ಸಾಮರ್ಥ್ಯವನ್ನು ತಗ್ಗಿಸುವ ಗುಂಡಿ ಒತ್ತಿ, ಸುಮಾರು 30 ಹೆಜ್ಜೆ ದೂರ ನಡೆದು, ವಿಮಾನ ಮಾತು ಕೇಳುತ್ತಿದೆಯೇ ಎಂದು ನೋಡಬೇಕು.

ಪೆಟ್ಟಿಗೆಯಲ್ಲಿರುವ ಬೆಂಕಿ

ಇಂದಿನ ಮಾದರಿ ವಿಮಾನಗಳ ಜೀವಾಳ ಲಿಥಿಯಂ ಪಾಲಿಮರ್ ಬ್ಯಾಟರಿ. ಮೂರು ಕೋಶಗಳ, 2,200 ಮಿಲಿಆಂಪಿಯರ್-ಗಂಟೆಯ ಸಾಧಾರಣ ಬ್ಯಾಟರಿಯ ವೋಲ್ಟೇಜು 11.1. ಅದರಲ್ಲಿ ಅಡಗಿರುವ ವಿದ್ಯುತ್ ಶಕ್ತಿ ಸುಮಾರು 88,000 ಜೂಲ್. ಹಾರುತ್ತಿರುವ ವಿಮಾನದ ಚಲನಶಕ್ತಿಯ 220 ಪಟ್ಟು! ಇದರ ಆಂತರಿಕ ರೋಧ 0.03 ಓಮ್ ಎಂದಿಟ್ಟುಕೊಂಡರೆ, ಎರಡು ತಂತಿಗಳು ಆಕಸ್ಮಿಕವಾಗಿ ತಗುಲಿದಾಗ ಹರಿಯುವ ಪ್ರವಾಹ 350 ಆಂಪಿಯರ್ ದಾಟುತ್ತದೆ. ಒಳಗಿರುವ ವಿದ್ಯುದ್ವಿಭಾಜ್ಯ ಸುಲಭವಾಗಿ ಹೊತ್ತಿಕೊಳ್ಳುವ ಸಾವಯವ ದ್ರಾವಣ. ಹೊಗೆಯೂ ವಿಷಕಾರಿ.

ಪ್ರತಿ ಕೋಶವನ್ನು 4.2 ವೋಲ್ಟ್‌ಗಿಂತ ಹೆಚ್ಚು ತುಂಬಿಸಬಾರದು, 3 ವೋಲ್ಟ್‌ಗಿಂತ ಕೆಳಕ್ಕೆ ಇಳಿಸಬಾರದು. ಕೋಶಗಳನ್ನು ಸಮಗೊಳಿಸುವ ಚಾರ್ಜರನ್ನೇ ಬಳಸಬೇಕು. 2,200 ಮಿಲಿಆಂಪಿಯರ್-ಗಂಟೆಯ ಬ್ಯಾಟರಿಯನ್ನು 2.2 ಆಂಪಿಯರ್‌ಗಿಂತ ಹೆಚ್ಚು ಪ್ರವಾಹದಲ್ಲಿ ತುಂಬಿಸದಿರುವುದು ಕ್ಷೇಮ. ಚಾರ್ಜ್ ಮಾಡುವಾಗ ಹತ್ತಿರ ಒಬ್ಬರು ಇರಲೇಬೇಕು, ರಾತ್ರಿ ಹಾಕಿ ಮಲಗಬಾರದು. ಬ್ಯಾಟರಿ ಇಟ್ಟಿರುವ ಜಾಗ ಸುಡದಂಥದ್ದಾಗಿರಬೇಕು, ಪಕ್ಕದಲ್ಲಿ ಮರಳಿನ ಬಕೆಟ್ ಇರಬೇಕು. ವಾರಗಟ್ಟಲೆ ಬಳಸದಿದ್ದರೆ ಕೋಶಕ್ಕೆ 3.8 ವೋಲ್ಟ್ ಮಟ್ಟದಲ್ಲಿಡಬೇಕು. ಉಬ್ಬಿದ ಬ್ಯಾಟರಿಯನ್ನು ಇನ್ನೊಂದು ಸಲ ನೋಡೋಣ ಎಂದು ಬಳಸಬಾರದು. ಬಿಸಿಲಲ್ಲಿ ನಿಂತ ಕಾರಿನೊಳಗೆ ಬ್ಯಾಟರಿ ಬಿಡಬಾರದು.

ಮೈದಾನ, ಆಕಾಶ, ಕಾನೂನು

ವಿದ್ಯುತ್ ತಂತಿ, ರಸ್ತೆ, ಮನೆಗಳಿಂದ ದೂರವಿರುವ ಬಯಲನ್ನು ಆರಿಸಬೇಕು. ತಂತಿಗೆ ಸಿಕ್ಕಿಕೊಂಡ ವಿಮಾನವನ್ನು ಕೋಲಿನಿಂದ ಬಿಡಿಸಲು ಹೋಗಕೂಡದು, ವಿದ್ಯುತ್ ಕಂಪನಿಗೆ ತಿಳಿಸಬೇಕು. ಕಾರ್ಬನ್ ನಾರು ಒಳ್ಳೆಯ ವಾಹಕ ಎಂಬುದು ನೆನಪಿರಲಿ.

ಆಕಾಶದಲ್ಲಿ ನಿಜವಾದ ವಿಮಾನಗಳೂ ಇರುತ್ತವೆ. 2010ರ ಆಗಸ್ಟ್‌ನಲ್ಲಿ ಅಮೆರಿಕದ ಕೊಲರಾಡೊ ರಾಜ್ಯದ ಸಣ್ಣ ವಿಮಾನ ತಾಣವೊಂದರಲ್ಲಿ, ರನ್‌ವೇ ಮೇಲೆ ತಗ್ಗಿನಲ್ಲಿ ಹಾದುಹೋಗುತ್ತಿದ್ದ ಜೋಡಿರೆಕ್ಕೆಯ ವಿಮಾನಕ್ಕೆ ಮಾದರಿಯೊಂದು ಬಡಿಯಿತು. ಮಾದರಿ ಪುಡಿಯಾಯಿತು. ನಿಜ ವಿಮಾನ ರೆಕ್ಕೆ ಜಖಂಗೊಂಡರೂ ಹೇಗೋ ಸುರಕ್ಷಿತವಾಗಿ ಇಳಿಯಿತು. ಮನುಷ್ಯರಿರುವ ವಿಮಾನ ಕಂಡೊಡನೆ ಮಾದರಿಯನ್ನು ಕೆಳಗಿಳಿಸಿ ದಾರಿ ಬಿಡಬೇಕು ಎಂಬುದು ಎಲ್ಲೆಡೆಯ ನಿಯಮ.

ಡ್ರೋನ್ ಎಂದರೆ ನಾಲ್ಕು ಪ್ರೊಪೆಲರಿನ ಯಂತ್ರ ಮಾತ್ರ ಎಂಬ ಭಾವನೆ ಹಲವರಲ್ಲಿದೆ. ಭಾರತದ 2021ರ ಡ್ರೋನ್ ನಿಯಮಗಳು ರೆಕ್ಕೆಯ ಮಾದರಿ ವಿಮಾನಗಳಿಗೂ ಅನ್ವಯಿಸುತ್ತವೆ. ಶಿಕ್ಷಣ, ಸಂಶೋಧನೆ, ವಿನ್ಯಾಸ, ಪರೀಕ್ಷೆ ಅಥವಾ ಮನರಂಜನೆಗೆ ಮಾತ್ರ ಬಳಸುವ, 25 ಕಿಲೊಗ್ರಾಂ ಮೀರದ, ಕಣ್ಣಿಗೆ ಕಾಣುವ ದೂರದಲ್ಲೇ ಹಾರಿಸುವ ಸಾಧನವನ್ನು ಅವು 'ಮಾದರಿ' ಎಂದು ಕರೆದಿವೆ. ಆಕಾಶವನ್ನು ಹಸಿರು, ಹಳದಿ, ಕೆಂಪು ವಲಯಗಳಾಗಿ ವಿಂಗಡಿಸಿವೆ. ಹಸಿರು ವಲಯದಲ್ಲಿ 400 ಅಡಿ, ಅಂದರೆ 120 ಮೀಟರ್ ಎತ್ತರದವರೆಗೆ, ವಿಮಾನ ನಿಲ್ದಾಣದ ಆವರಣದಿಂದ 8ರಿಂದ 12 ಕಿ.ಮೀ. ದೂರದ ಪಟ್ಟಿಯಲ್ಲಿ 200 ಅಡಿಯವರೆಗೆ ಮಾತ್ರ ಅನುಮತಿಯಿಲ್ಲದೆ ಹಾರಿಸಬಹುದು. 5ರಿಂದ 8 ಕಿ.ಮೀ. ನಡುವೆ ನೆಲಮಟ್ಟದಿಂದಲೇ ಹಳದಿ ವಲಯ. ಬೆಂಗಳೂರಿನಂಥ ಊರಿನಲ್ಲಿ ದೇವನಹಳ್ಳಿ, ಯಲಹಂಕ, ಜಕ್ಕೂರು, ಎಚ್.ಎ.ಎಲ್. ಎಂದು ಹಲವು ವಿಮಾನ ತಾಣಗಳಿವೆ. ಶಾಲೆಯ ಮೈದಾನ ಖಾಲಿ ಇದ್ದ ಮಾತ್ರಕ್ಕೆ ಅದರ ಮೇಲಿನ ಆಕಾಶ ನಿಮ್ಮದಾಗುವುದಿಲ್ಲ. ವಲಯಗಳೂ ನಿಯಮಗಳೂ ಬದಲಾಗುವುದುಂಟು. ಹಾರಿಸುವ ದಿನದ ಅಧಿಕೃತ ನಕ್ಷೆಯನ್ನು ನೋಡಿಯೇ ಮುಂದುವರಿಯಿರಿ.

ಬಿದ್ದ ಮೇಲೆ

ವಿಮಾನ ಬಿದ್ದರೆ ಮೊದಲು ಮೋಟಾರಿನ ನಿಯಂತ್ರಕವನ್ನು ಸೊನ್ನೆಗಿಳಿಸಿ. ಯಾರಿಗಾದರೂ ಪೆಟ್ಟಾಗಿದೆಯೇ ನೋಡಿ. ಟ್ರಾನ್ಸ್‌ಮಿಟರ್ ಆರಿಸಬೇಡಿ. ಉಳಿದವರಿಗೆ ಕೂಗಿ ಹೇಳಿ, ರನ್‌ವೇ ಖಾಲಿಯಾದ ಮೇಲೆ ಹೋಗಿ, ಪ್ರೊಪೆಲರಿನ ಹಿಂದಿನಿಂದ ವಿಮಾನವನ್ನು ಸಮೀಪಿಸಿ, ಬ್ಯಾಟರಿ ಬಿಡಿಸಿ. ಜಜ್ಜಿದ ಬ್ಯಾಟರಿ ತಕ್ಷಣ ಹೊತ್ತಿಕೊಳ್ಳದೆ ಸ್ವಲ್ಪ ಹೊತ್ತಾದ ಮೇಲೆ ಹೊತ್ತಿಕೊಳ್ಳಬಹುದು. ಅದನ್ನು ಒಣಹುಲ್ಲಿನಿಂದ, ವಾಹನದಿಂದ ದೂರವಿರಿಸಿ ಗಮನಿಸುತ್ತಿರಿ.

ಅನಂತರ ಕಾರಣ ಹುಡುಕಬೇಕು. "ರೇಡಿಯೊ ಕೈಕೊಟ್ಟಿತು" ಎಂದು ಹೇಳಿ ಮುಗಿಸುವುದು ಸುಲಭ. ರಿಸೀವರ್ ಈಗಲೂ ಸಂಕೇತಕ್ಕೆ ಸ್ಪಂದಿಸುತ್ತಿದೆಯೇ, ಬ್ಯಾಟರಿಯ ವೋಲ್ಟೇಜು ಎಷ್ಟಿದೆ, ಕಡ್ಡಿಗಳ ಕೀಲು ಕಳಚಿದೆಯೇ, ಗುರುತ್ವ ಕೇಂದ್ರ ಎಲ್ಲಿತ್ತು, ಗಾಳಿ ಹೇಗಿತ್ತು ಎಂದು ಒಂದೊಂದಾಗಿ ನೋಡಿ ಪುಸ್ತಕದಲ್ಲಿ ಬರೆದಿಡಿ. ಬೀಳದೆ ಕೂದಲೆಳೆಯಲ್ಲಿ ತಪ್ಪಿದ ಪ್ರಸಂಗಗಳನ್ನೂ ಬರೆಯಿರಿ. ಅಮೆರಿಕದಲ್ಲಿ ನಾಸಾ ಸಂಸ್ಥೆ 1976ರಿಂದ ನಡೆಸುತ್ತಿರುವ ವೈಮಾನಿಕ ಸುರಕ್ಷತಾ ವರದಿ ವ್ಯವಸ್ಥೆಯಲ್ಲಿ ಪೈಲಟ್‌ಗಳು ತಾವು ಕಂಡ ಲೋಪಗಳನ್ನು ಗೋಪ್ಯವಾಗಿ ತಿಳಿಸಬಹುದು. ವರದಿ ಮಾಡಿದವರ ಹೆಸರು ಹೊರಬೀಳದು. ಶಾಲೆಯ ಸಂಘಕ್ಕೂ ಇದು ಒಳ್ಳೆಯ ಮಾದರಿ. ತಪ್ಪು ಒಪ್ಪಿಕೊಂಡ ವಿದ್ಯಾರ್ಥಿಯನ್ನು ಎಲ್ಲರೆದುರು ಬೈದರೆ, ಮುಂದಿನ ಬಿರುಕು ಬಿಟ್ಟ ಪ್ರೊಪೆಲರಿನ ವಿಷಯ ನಿಮಗೆ ತಿಳಿಯುವುದೇ ಇಲ್ಲ.

ತರಗತಿಯಲ್ಲಿ ಏನು ಮಾಡಬಹುದು?

ರೇಡಿಯೊ ವಿಮಾನ ಕೊಳ್ಳದೆಯೂ ಈ ಪಾಠಗಳನ್ನು ಪ್ರಾರಂಭಿಸಬಹುದು. ತೆಳು ಥರ್ಮೊಕೋಲ್ ಹಾಳೆಯಲ್ಲಿ ಗ್ಲೈಡರ್ ಕತ್ತರಿಸಿ, ಮೂತಿಗೆ ಜೇಡಿಮಣ್ಣು ಮೆತ್ತಿ, ಗುರುತ್ವ ಕೇಂದ್ರವನ್ನು ಅರ್ಧ ಅರ್ಧ ಸೆಂ.ಮೀ. ಹಿಂದೆ ಸರಿಸುತ್ತಾ ಹಾರಾಟ ಹೇಗೆ ಕೆಡುತ್ತದೆಂದು ವಿದ್ಯಾರ್ಥಿಗಳು ಬರೆದುಕೊಳ್ಳಲಿ. ನೂರು ಮೀಟರ್ ಓಟದ ಗುರುತುಗಳ ನಡುವೆ ವಿಮಾನ ಸಾಗಲು ಹಿಡಿಯುವ ಕಾಲವನ್ನು ಗಾಳಿಗೆ ಎದುರಾಗಿ ಒಮ್ಮೆ, ಗಾಳಿಯ ಜೊತೆ ಒಮ್ಮೆ ಅಳೆದರೆ ವಿಮಾನದ ಜವವೂ ಗಾಳಿಯ ವೇಗವೂ ಒಟ್ಟಿಗೆ ದೊರೆಯುತ್ತವೆ. ಆ ಜವದಿಂದ ಚಲನಶಕ್ತಿಯನ್ನು, ಬೀಳುವ ದೂರವನ್ನು ಅವರೇ ಲೆಕ್ಕ ಹಾಕಲಿ. ಕೊನೆಗೆ ನಿಮ್ಮ ಮೈದಾನದ ನಕ್ಷೆ ಬರೆಸಿ, ಪ್ರೇಕ್ಷಕರ ಗೆರೆ ಎಲ್ಲಿ ಬರಬೇಕೆಂದು ಕೇಳಿ. ಲೆಕ್ಕ ಹಾಕಿದ ಮೇಲೆ ಮೈದಾನ ಚಿಕ್ಕದು ಎಂದು ಗೊತ್ತಾದರೆ, ಹಾರಾಟಕ್ಕೆ ಬೇರೆ ಬಯಲನ್ನು ಹುಡುಕಿ.